ಮೊದಲ ಭಾಗದಲ್ಲಿ ಯಾರೂ ನಕ್ಕಿರಲಿಲ್ಲ

ನನಗೆ ಸಿಟ್ಟು ಬರುವುದು ನಿಧಾನ. ಹುಬ್ಬಳ್ಳಿಯ ಕಾನ್ವೆಂಟಿನ ಹಾಸ್ಟೆಲಿನಲ್ಲಿ ಹತ್ತು ವರ್ಷ ಇದ್ದು ಓದಿದವಳು ನಾನು. ಬಾಗಿಲನ್ನು ಸಪ್ಪಳವಾಗದಂತೆ ಮುಚ್ಚಬೇಕು, ಕೆಮ್ಮು ಬಂದರೆ ಕರವಸ್ತ್ರ ಅಡ್ಡ ಹಿಡಿಯಬೇಕು, ಸಿಟ್ಟು ಬಂದರೆ ಮನಸ್ಸಿನಲ್ಲೇ ಹತ್ತರ ತನಕ ಎಣಿಸಬೇಕು ಎಂದು ಅಲ್ಲಿನ ಸಿಸ್ಟರ್‌ಗಳು ಕಲಿಸಿದ್ದರು. ಹದಿನೆಂಟು ವರ್ಷ ಎಣಿಸಿದೆ. ಇನ್ನು ಎಣಿಸಲಾರೆ.

ಇದು ಒಂದು ದೆವ್ವದ ಸಿನಿಮಾದ ಮಾತು. ಒಂದಲ್ಲ, ಒಂದೇ ದೆವ್ವದ ನಾಲ್ಕು ಭಾಗಗಳ ಮಾತು. ಜೊತೆಗೆ ನನ್ನ ಹೊಟ್ಟೆನೋವಿನ ಮಾತೂ ಹೌದು. ಎರಡನ್ನೂ ಬಿಡಿಸಿ ಹೇಳಲು ನನಗೆ ಬರುವುದಿಲ್ಲ, ಯಾಕೆಂದರೆ ನಮ್ಮ ಮನೆಯವರು ಎರಡನ್ನೂ ಕೂಡಿಸಿಯೇ ನೋಡಿದರು. ಸಿನಿಮಾದ ದೆವ್ವ ಹೆದರಿಸುವಷ್ಟು ದಿನ ನನ್ನ ನೋವಿಗೂ ಹೆದರಿದರು. ಅದು ನಗಿಸತೊಡಗಿದ ಮೇಲೆ ನನ್ನ ನೋವಿಗೂ ನಕ್ಕರು.

ಮೊದಲ ಭಾಗ ಬಂದಾಗ ನನ್ನ ಮದುವೆಯಾಗಿ ಎರಡು ವರ್ಷ. ನನ್ನ ತವರು ನರಗುಂದ, ಗಂಡನ ಮನೆ ರೋಣ, ಬೀಜ-ಗೊಬ್ಬರದ ಅಂಗಡಿಯವರು. ಸಿನಿಮಾ ಬಂದದ್ದು ಗಜೇಂದ್ರಗಡದ ಥೇಟರಿಗೆ. ಒಂದು ಭಾನುವಾರ ನಾನು, ನನ್ನವರು, ಅತ್ತೆ, ಆಗಿನ್ನೂ ಕಾಲೇಜು ಓದುತ್ತಿದ್ದ ಮೈದುನ, ನಾಲ್ವರೂ ಬಸ್ಸು ಹತ್ತಿ ಮಧ್ಯಾಹ್ನದ ಆಟಕ್ಕೆ ಹೋದೆವು.

ಕತೆ ಭಾಳ ಸಾದಾ. ಒಂದು ದೊಡ್ಡ ವಾಡೆ, ಅದರಲ್ಲಿ ಕಿರಿಸೊಸೆ. ಎಲ್ಲರಿಗೂ ಬಡಿಸಿ ಕಡೆಗೆ ಕೂಡುವವಳು. ಆಕೆ ಕೂಡುವ ಹೊತ್ತಿಗೆ ಪಾತ್ರೆಯ ತಳ ಕಾಣುತ್ತಿರುತ್ತದೆ. ಒಂದು ದಿನ ಆಕೆಯ ತಟ್ಟೆಯನ್ನೇ ಅತ್ತೆ ತೆಗೆದಿಡುತ್ತಾಳೆ, ಮರುದಿನ ಆಕೆ ಹಿತ್ತಲ ಬಾವಿಯಲ್ಲಿ ಸಿಗುತ್ತಾಳೆ. ಬಿದ್ದಳೋ, ದೂಡಿದರೋ ಸಿನಿಮಾ ಹೇಳುವುದಿಲ್ಲ. ಅಲ್ಲಿಂದ ಮುಂದೆ ಆ ಮನೆಯವರು ಊಟಕ್ಕೆ ಕೂತಾಗೆಲ್ಲ ನೀರು ತೊಟ್ಟಿಕ್ಕುವ ಸಪ್ಪಳ, ಹಿಂದಿನಿಂದ ಒಂದು ಹೆಣ್ಣು ದನಿ: "ನನ್ನ ತಟ್ಟೆ ಎಲ್ಲಿ?" ಇಷ್ಟೇ. ವಾದ್ಯ ಇಲ್ಲ, ಕಿರುಚಾಟ ಇಲ್ಲ. ಮುಖವನ್ನು ಇಡೀ ಸಿನಿಮಾದಲ್ಲಿ ಒಮ್ಮೆ ಮಾತ್ರ ತೋರಿಸಿದರು. ನನಗೆ ಮುಖಕ್ಕಿಂತ ಕೈ ನೆನಪಿದೆ. ಬಾವಿಯ ಕಟ್ಟೆಯ ಮೇಲೆ ಬಂದ ಆ ಕೈಯ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು, ಒಂದು ರಾಶಿ ಪಾತ್ರೆ ತಿಕ್ಕಿ ಎದ್ದವಳ ಬೆರಳಿನಂತೆ. ಆ ಕೈಯನ್ನು ಮಾಡಿದವರಿಗೆ ಅಡುಗೆಮನೆ ಗೊತ್ತಿತ್ತು.

ಥೇಟರಿನಲ್ಲಿ ಶೇಂಗಾ ಸುಲಿಯುವ ಸಪ್ಪಳ ಕೂಡ ನಿಂತಿತ್ತು. ನಮ್ಮ ಹಿಂದಿನ ಸಾಲಿನಲ್ಲಿ ಯಾರೋ ಹೆಂಗಸು ಮೂಗು ಒರೆಸಿಕೊಳ್ಳುತ್ತಿದ್ದಳು. ಅತ್ತೆ ನನ್ನ ಮುಂಗೈಯನ್ನು ಬಳೆ ಒತ್ತುವ ಹಾಗೆ ಹಿಡಿದುಕೊಂಡಿದ್ದರು. ಮನೆಗೆ ಬಂದು ಸಂಜೆ ರೊಟ್ಟಿ ಬಡಿದು ಮುಗಿಸುವ ಹೊತ್ತಿಗೆ ಅತ್ತೆ ತಮ್ಮ ತಾಟಿನ ಮಗ್ಗುಲಲ್ಲೇ ನನ್ನ ತಾಟು ಇಟ್ಟರು.

"ಬಾರವ್ವಾ, ನೀನೂ ನಮ್ಮ ಕೂಡನ ಕೂಡು. ಬಿಸಿ ಇದ್ದಾಗ ತಿನ್ನು."

ಆ ಮನೆಯಲ್ಲಿ ನಾನು ಬಿಸಿರೊಟ್ಟಿ ತಿಂದದ್ದು ಅದೇ ಮೊದಲು. ಅದನ್ನೂ ಪೂರ್ತಿ ತಿನ್ನಲಾಗಲಿಲ್ಲ. ಎರಡು ತುತ್ತು ಒಳಗೆ ಹೋಗಿರಬೇಕು, ಬಲಗಡೆ ಪಕ್ಕೆಲುಬಿನ ಕೆಳಗೆ ಯಾರೋ ಒರಳಲ್ಲಿ ಹಾಕಿ ಕುಟ್ಟಿದ ಹಾಗೆ ನೋವು ಎದ್ದಿತು; ಹಾಗೇ ಬೆನ್ನಿಗೆ ಹೋಗಿ ಬಲ ಹೆಗಲಿನ ಹಿಂದೆ ಕೂತಿತು. ನಾನು ಚೀರಿದೆ. ಹಾಗೆ ಚೀರಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ಕೈ ತಾಗಿ ತಾಟು ಉರುಳಿತು.

ಮೂವರ ಮುಖವೂ ಬಿಳುಚಿಕೊಂಡಿತು. ಬಾವಿಯ ಆಕೆ ಹಿಂದೆಯೇ ಬಸ್ಸು ಹತ್ತಿ ಬಂದು ಸೊಸೆಯ ಮೈಯಲ್ಲಿ ಸೇರಿದಳು ಎಂದೇ ಅವರು ತಿಳಿದರು. ನಮ್ಮ ಕಡೆ ಇದಕ್ಕೊಂದು ಪದ್ಧತಿ ಇದೆ. ಹೆಂಗಸಿಗೆ ಗಾಳಿ ಸೋಕಿದರೆ ಆಕೆಯನ್ನು ಏನೂ ಕೇಳುವುದಿಲ್ಲ, ಆಕೆಯ ಮೈಮೇಲೆ ಬಂದವಳನ್ನು ಕೇಳುತ್ತಾರೆ. ಅದೂ ಕೈಮುಗಿದು ಕೇಳುತ್ತಾರೆ. ಬಂದವಳು ಬೇಡಿದ್ದನ್ನು, ಸೀರೆಯಾಗಲಿ, ಹೋಳಿಗೆಯಾಗಲಿ, ಹಸಿರು ಬಳೆಯಾಗಲಿ, ಇಲ್ಲ ಅನ್ನದೆ ಕೊಡುತ್ತಾರೆ. ಅತ್ತೆ ನನ್ನ ಮುಂದೆ ಮೊಣಕಾಲೂರಿ ಕೂತರು.

"ಯಾರವ್ವಾ ನೀ? ಯಾವ ಊರಾಕಿ? ಏನ ಬೇಕ ನಿನಗ? ಬೇಡು ನಮ್ಮವ್ವಾ, ಕೊಡ್ತೇವಿ."

"ಅತ್ತೀ, ನಾನಾ ಅದೀನ್ರಿ," ಎಂದೆ. "ಹೊಟ್ಟಿ ನೋಯಾಕತ್ತೈತ್ರಿ. ದವಾಖಾನಿಗೆ ಕರ್ಕೊಂಡ ಹೋಗ್ರಿ."

ಅತ್ತೆ ನನ್ನವರ ಕಡೆ ತಿರುಗಿದರು. "ನೋಡಪಾ, ಹೆಂಗ ನಮ್ಮ ಸೊಸಿ ದನೀಲೇನ ಮಾತಾಡತೈತಿ ಅದು."

ಮರುದಿನ ಮುಂಜಾನೆ ಜಕ್ಕಲಿಯಿಂದ ಒಬ್ಬ ಅಜ್ಜಿಯನ್ನು ಕರೆಸಿದರು. ಆಕೆ ಉಪ್ಪು, ಒಣಮೆಣಸಿನಕಾಯಿ, ನಿಂಬೆಹಣ್ಣು ನಿವಾಳಿಸಿ, ಹಣೆಗೆ ವಿಭೂತಿ ಬಳಿದು ಹೋದಳು. ಅಷ್ಟೊತ್ತಿಗೆ ನೋವು ತಾನಾಗಿಯೇ ಇಳಿದಿತ್ತು. ಶ್ರೇಯ ಅಜ್ಜಿಗೆ ಹೋಯಿತು.

ಆ ದಿನ ನಾನು ಸ್ವಲ್ಪ ಸುಳ್ಳು ಹೇಳಬೇಕಿತ್ತು. ದನಿ ಬದಲಿಸಿ, ಕೂದಲು ಬಿಚ್ಚಿ, "ನಾ ಬಾವ್ಯಾಗಿನಾಕಿ. ಈ ಹುಡುಗೀನ ಗದಗಿನ ದೊಡ್ಡ ದವಾಖಾನಿಗೆ ತೋರಸ್ರಿ" ಎಂದಿದ್ದರೆ ಅದೇ ಗಳಿಗೆಯಲ್ಲಿ ಗಾಡಿ ಬಾಗಿಲಿಗೆ ಬರುತ್ತಿತ್ತು. ದೆವ್ವದ ಮಾತನ್ನು ಯಾರೂ ತೆಗೆದುಹಾಕುವುದಿಲ್ಲ. ಆದರೆ ನಾನು ಖರೇ ಹೇಳಿದೆ. ಖರೇ ಹೇಳುವ ಸೊಸೆಗೆ ನಿಂಬೆಹಣ್ಣು ಸಿಗುತ್ತದೆ, ಡಾಕ್ಟರು ಸಿಗುವುದಿಲ್ಲ.

ಒಂದು ಮಾತನ್ನು ಒಪ್ಪಿಕೊಳ್ಳಬೇಕು: ಅವರು ತಪ್ಪು ತಿಳಿದರು, ಆದರೆ ನಗಲಿಲ್ಲ. ಒಂದು ತಿಂಗಳು ನನ್ನ ತಾಟು ಅತ್ತೆಯ ತಾಟಿನ ಪಕ್ಕದಲ್ಲೇ ಇತ್ತು. ಆಮೇಲೆ ಹೆದರಿಕೆ ಇಳಿಯಿತು. ತಾಟು ಅಡುಗೆಮನೆಗೆ ವಾಪಸು ಹೋಯಿತು.

ಎರಡನೆಯ ಭಾಗ ಬಂದದ್ದು ಆರು ವರ್ಷಗಳ ಮೇಲೆ. ಆಗ ನನ್ನ ಮಗಳಿಗೆ ನಾಲ್ಕು ವರ್ಷ. ಮೈದುನ ಅಂಗಡಿಯಲ್ಲಿ ಕೂಡತೊಡಗಿದ್ದ. ಅದೇ ಥೇಟರು, ಅದೇ ಮಧ್ಯಾಹ್ನದ ಆಟ. ಸಿನಿಮಾದಲ್ಲೂ ಅದೇ ವಾಡೆ, ಅದೇ ಬಾವಿ. ಆದರೆ ಈ ಸಲ ವಾಡೆಗೆ ಒಬ್ಬ ಡೊಳ್ಳು ಹೊಟ್ಟೆಯ ಅಡುಗೆಯವನು ಬಂದಿದ್ದ. ನೀರು ತೊಟ್ಟಿಕ್ಕಿತು, ಆಕೆ ಅವನ ಹಿಂದೆ ಬಂದು ನಿಂತಳು, "ನನ್ನ ತಟ್ಟೆ ಎಲ್ಲಿ?" ಎಂದಳು. ಅವನು ತಿರುಗದೆ, ಸೌಟು ಅಲ್ಲಾಡಿಸುತ್ತಾ, "ಪಾರ್ಸೆಲ್ಲಾ ಅಕ್ಕಾ, ಇಲ್ಲೇ ತಿಂತೀರಾ?" ಎಂದ.

ಥೇಟರು ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಅದನ್ನು ಮುಚ್ಚಿಡುವುದಿಲ್ಲ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನಕ್ಕು ಮುಗಿದ ಮೇಲೆ ಪರದೆಯ ಮೇಲಿನ ಆಕೆಯ ಕೈ ನೋಡಿದೆ. ಬೆರಳುಗಳು ನುಣ್ಣಗಿದ್ದವು. ಉಗುರಿಗೆ ಬಣ್ಣ ಹಚ್ಚಿದ್ದರು. ಉಳಿದರ್ಧ ಸಿನಿಮಾದಲ್ಲಿ ಆಕೆ ಮತ್ತೆ ಹೆದರಿಸಲು ನೋಡಿದಳು, ಪಾಪ. ಆದರೆ ಒಮ್ಮೆ ನಕ್ಕ ಮಂದಿ ಮುಂದಿನ ನಗು ಎಲ್ಲಿದೆ ಎಂದೇ ಕಾಯುತ್ತಾರೆ. ಬಾವಿಯಿಂದ ನೀರು ತೊಟ್ಟಿಕ್ಕಿದ ಕೂಡಲೇ ಹಿಂದಿನ ಸಾಲಿನವರು "ಬಂದ್ಲು, ಬಂದ್ಲು" ಎನ್ನುತ್ತಿದ್ದರು.

ಆ ಸಂಜೆಯೂ ಮನೆಗೆ ಬಂದು ಒಂದು ತಾಸಿನೊಳಗೆ ನೋವು ಎದ್ದಿತು. ಅದೇ ಜಾಗ, ಅದೇ ಬೆನ್ನು, ಅದೇ ಹೆಗಲು. ನಾನು ಗೋಡೆಗೆ ಆತು ಕೆಳಗೆ ಕುಸಿದೆ. ಅತ್ತೆ ಬುಟ್ಟಿಯಿಂದ ನಿಂಬೆಹಣ್ಣು ತೆಗೆದುಕೊಂಡು ಓಡಿ ಬಂದರು. ಬಾಗಿಲಲ್ಲಿ ನಿಂತಿದ್ದ ಮೈದುನ ಆ ಅಡುಗೆಯವನ ದನಿಯಲ್ಲಿ ಕೇಳಿದ:

"ಪಾರ್ಸೆಲ್ಲಾ ವೈನಿ, ಇಲ್ಲೇ ತಿಂತೀರಾ?"

ಆ ಕ್ಷಣದಲ್ಲಿ ಯಾರಾದರೂ ಅವನನ್ನು ಗದರಿದ್ದರೆ ಮುಂದಿನ ಹನ್ನೆರಡು ವರ್ಷ ಬೇರೆಯೇ ಆಗುತ್ತಿದ್ದವು. ನನ್ನವರು ನಕ್ಕರು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ನಿಂಬೆಹಣ್ಣು ಬುಟ್ಟಿಗೆ ವಾಪಸು ಹೋಗಿ ಮರುದಿನದ ಚಿತ್ರಾನ್ನಕ್ಕೆ ಬಂತು. ನನಗೆ ಸೋಡಾ ಕೊಟ್ಟರು. "ಗ್ಯಾಸ ಇರಬೇಕು ತಗೋ," ಎಂದರು ನನ್ನವರು. ನನ್ನ ಬೆನ್ನ ಮೇಲೆ ಕೈ ಆಡಿಸುತ್ತಿದ್ದದ್ದು ನಾಲ್ಕು ವರ್ಷದ ಮಗು ಮಾತ್ರ.

ಮೂರನೆಯ ಭಾಗ ಥೇಟರಿಗೆ ಬರಲೇ ಇಲ್ಲ. ರೋಗ ಬಂದು ಊರೆಲ್ಲ ಬಾಗಿಲು ಹಾಕಿಕೊಂಡಿದ್ದ ದಿನಗಳು; ಸಿನಿಮಾ ನೇರ ಟಿವಿಗೇ ಬಂತು. ಮೈದುನನಿಗೆ ಮದುವೆಯಾಗಿ ಮನೆಗೆ ನೆಗೆಣ್ಣಿ ಬಂದಿದ್ದಳು, ಮಾತು ಕಡಿಮೆ, ನಗು ಭಾಳ ಜೋರು. ಮನೆಮಂದಿಯೆಲ್ಲ ಹಾಲಿನಲ್ಲಿ ಕೂತು ಸಿನಿಮಾ ನೋಡಿದರು. ನಾವಿಬ್ಬರೂ ಒಳಗೆ ಕಡಾಯಿ ಇಟ್ಟು ಭಜಿ ಕರಿದೆವು, ಬಾಗಿಲಿನಿಂದ ಇಣುಕಿ ಇಣುಕಿ ನೋಡಿದೆವು. ಬಾವಿಯ ಒಳಗೆ ಬಣ್ಣಬಣ್ಣದ ದೀಪ ಹಾಕಿದ್ದರು. ಹಸಿವಿನಿಂದ ಸತ್ತವಳು ಸ್ಟೀಲ್ ತಟ್ಟೆ ಬಡಿಯುತ್ತಾ ಕುಣಿದಳು, ಹಿಂದೆ ಹತ್ತು ಮಂದಿ ಹುಡುಗಿಯರು ತಟ್ಟೆ ಹಿಡಿದು ಕುಣಿದರು. ಹೆದರಿಸುವ ವಾದ್ಯ ಬಾರಿಸಿದ್ದು ಬೆಕ್ಕು ಬಂದಾಗ. ಆಕೆಯನ್ನು ಬಾವಿಗೆ ದೂಡಿದವರು ಯಾರು ಎಂಬ ಮಾತೇ ಇಲ್ಲ. ಆ ಮಾತು ಎತ್ತಿದರೆ ಕುಣಿತ ನಿಲ್ಲಿಸಬೇಕಾಗುತ್ತದಲ್ಲ.

ಒಂದೇ ಬಾವಿ ಎಷ್ಟು ಸಲ ಹೆದರಿಸೀತು, ಅದಕ್ಕೇ ನಗಿಸುತ್ತಾರೆ ಎಂದು ನನ್ನವರು ಹೇಳುತ್ತಾರೆ. ಅದು ಸುಳ್ಳು. ಹೆದರಿಕೆ ಹಳತಾದದ್ದರಿಂದ ನಗು ಬರಲಿಲ್ಲ. ಹೆದರಿದರೆ ಏನಾದರೂ ಮಾಡಬೇಕಾಗುತ್ತದೆ. ತಾಟು ಇಡಬೇಕು, ಜೊತೆಗೆ ಕೂರಿಸಿಕೊಳ್ಳಬೇಕು. ನಕ್ಕರೆ ಏನೂ ಮಾಡಬೇಕಾಗಿಲ್ಲ. ನಗು ಭಾಳ ಸೋವಿ, ಖರ್ಚಿಲ್ಲದ್ದು.

ಎಲ್ಲರದೂ ಆದ ಮೇಲೆ ತಳದಲ್ಲಿ ಉಳಿದ, ಎಣ್ಣೆ ಕುಡಿದ ಭಜಿಗಳನ್ನು ನಾವಿಬ್ಬರೂ ತಿಂದೆವು. ತಿಂದು ಪಾತ್ರೆ ತಿಕ್ಕುವಾಗ ನೋವು ಬಂತು. ಈ ಸಲ ನಾನು ಚೀರಲಿಲ್ಲ. ಸೆರಗನ್ನು ಹಲ್ಲಲ್ಲಿ ಕಚ್ಚಿ, ಬಲಗೈಯನ್ನು ಪಕ್ಕೆಗೆ ಒತ್ತಿ, ಬಗ್ಗಿಕೊಂಡು ಹಿಂದಿನ ಕೋಣೆಗೆ ಹೋದೆ. ಮೈದುನ ನೋಡಿಬಿಟ್ಟ. ನಾನು ಕೋಣೆಯಲ್ಲಿ ನೆಲಕ್ಕೆ ಹಣೆ ಹಚ್ಚಿ ಮಲಗಿದ್ದಾಗ ಹಾಲಿನಿಂದ ನಗು ಕೇಳಿತು. ತಲೆ ಎತ್ತಿದೆ, ಬಾಗಿಲ ಸಂದಿನಿಂದ ಕಂಡಿತು: ತಲೆಯ ಮೇಲೆ ಟವೆಲ್ಲು ಹೊದ್ದು, ಅದರ ತುದಿ ಹಲ್ಲಲ್ಲಿ ಕಚ್ಚಿ, ಬಲಗೈ ಪಕ್ಕೆಗೆ ಒತ್ತಿ, ಎಡಗಾಲು ಸ್ವಲ್ಪ ಎಳೆಯುತ್ತಾ ಅವನು ನಡೆಯುತ್ತಿದ್ದ. "ನನ್ನ ತಟ್ಟೆ ಎಲ್ಲಿ?"

ನನ್ನ ಸಿಟ್ಟಿನ ಬೇರು ಇಲ್ಲಿದೆ. ನಾನು ಕೈ ಎಲ್ಲಿ ಒತ್ತುತ್ತೇನೆ ಎಂದು ಅವನಿಗೆ ಬೆರಳಿನಷ್ಟೂ ತಪ್ಪದೆ ಗೊತ್ತಿತ್ತು. ಯಾವ ಕಾಲು ಎಳೆಯುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ, ಅವನಿಗೆ ಗೊತ್ತಿತ್ತು. ಇಡೀ ಮನೆಯಲ್ಲಿ ನನ್ನ ನೋವನ್ನು ಅಷ್ಟು ಲಕ್ಷ್ಯವಿಟ್ಟು ನೋಡಿದವನು ಅವನೊಬ್ಬನೇ. ನೋಡಿದ್ದನ್ನು ಒಬ್ಬ ಡಾಕ್ಟರ ಮುಂದೆ ಆಡಿ ತೋರಿಸಿದ್ದರೂ ಸಾಕಾಗಿತ್ತು.

ಅಲ್ಲಿಂದ ಅದು ಮನೆತನದ ಆಟವಾಯಿತು. ಚಿಕ್ಕನರಗುಂದದಲ್ಲಿ ಒಂದು ಮದುವೆ ಮನೆಯಲ್ಲಿ ಊಟವಾದ ಮೇಲೆ ಗಂಡಸರು ಅವನನ್ನು ಎಬ್ಬಿಸಿದರು. "ಏ ತಮ್ಮಾ, ನಿಮ್ಮ ವೈನೀದು ಮಾಡಿ ತೋರ್ಸೋ." ನನ್ನ ತವರಿನಲ್ಲಿ ಅಣ್ಣನ ಮಗುವಿನ ಹೆಸರಿಡುವ ದಿನ ಮಾಡಿದ, ನನ್ನ ಹಡೆದವ್ವ ನಕ್ಕಳು. ನೆಗೆಣ್ಣಿಯಂತೂ ಪ್ರತಿ ಸಲ ಎಲ್ಲರಿಗಿಂತ ಮೊದಲೇ ನಗುತ್ತಿದ್ದಳು. ನಾನು ಚಹಾದ ತಾಟು ಹಿಡಿದು ಬಾಗಿಲಲ್ಲಿ ನಿಂತು ತುಟಿ ಅಗಲಿಸುತ್ತಿದ್ದೆ. ನಗದಿದ್ದರೆ "ಮಾರಿ ಗಂಟ ಹಾಕ್ಕೊಂಡ ನಿಂತಾಳ" ಎನ್ನುತ್ತಾರೆ.

ನೋವು ಸಿನಿಮಾ ನೋಡಿದ ದಿನ ಮಾತ್ರ ಬರುತ್ತಿರಲಿಲ್ಲ. ಹೋಳಿಗೆ-ತುಪ್ಪದ ಹಬ್ಬಗಳಲ್ಲಿ ಬರುತ್ತಿತ್ತು, ಮದುವೆ ಊಟಗಳ ಮೇಲೆ ಬರುತ್ತಿತ್ತು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಕೂಡುತ್ತಿದ್ದೆ. ನನ್ನವರಿಗೆ ಎಷ್ಟೋ ಸಲ ಹೇಳಿದೆ.

"ಒಮ್ಮೆ ಗದಗಿಗೆ ಹೋಗಿ ತೋರ್ಸಿಕೊಂಡ ಬರೋಣ್ರೀ."

"ಯಾಕ, ಪಾರ್ಟ್ ಫೋರ್ ಬಂತೇನ?"

ಅವರು ಕೆಟ್ಟವರಲ್ಲ. ನನ್ನ ಮೇಲೆ ಎಂದೂ ಕೈ ಎತ್ತಿದವರಲ್ಲ. ಸಂತೆಯಿಂದ ಬಂದರೆ ಮೆಂತ್ಯೆಪಲ್ಯದ ಬೇರು ತಾವೇ ಕತ್ತರಿಸಿ ಕೊಡುತ್ತಾರೆ. ಕೆಟ್ಟವರಾಗಿದ್ದರೆ ನನ್ನ ಸಿಟ್ಟಿಗೆ ಇಷ್ಟು ವರ್ಷ ಹಿಡಿಯುತ್ತಿರಲಿಲ್ಲ.

ಓದಿದವಳು ನೀನು, ಒಬ್ಬಳೇ ಬಸ್ಸು ಹತ್ತಿ ಹೋಗಬಾರದಿತ್ತೇ ಎಂದು ಯಾರಾದರೂ ಕೇಳಬಹುದು. ಕೇಳಲಿ. ಉತ್ತರ ನಾಚಿಕೆಯದು. ನೋವು ಇಳಿದ ಮೇಲೆ ಪ್ರತಿ ಸಲ, ನಾನೇ ದೊಡ್ಡದು ಮಾಡಿದೆನೇನೋ ಅನ್ನಿಸುತ್ತಿತ್ತು. ಹತ್ತು ಮಂದಿ ನಕ್ಕ ನೋವನ್ನು ಹನ್ನೊಂದನೆಯವಳಾಗಿ ನಾನೂ ನಂಬದೆ ಹೋದೆ.

ನಾಲ್ಕನೆಯ ಭಾಗ ಈ ವರ್ಷ ಬಂತು. ಈಗ ಮೈದುನನ ಹತ್ತಿರ ಕಾರು ಇದೆ. ಅತ್ತೆಗೆ ಮೊಣಕಾಲು ಬೇನೆ, ಮನೆಯಲ್ಲೇ ಉಳಿದರು. ನಾವಿಬ್ಬರು, ಅವರಿಬ್ಬರು, ಈಗ ಕಾಲೇಜಿಗೆ ಹೋಗುವ ಹದಿನಾರರ ನನ್ನ ಮಗಳು, ಐವರೂ ಹೊರಟೆವು. ರಾಜೂರ ದಾಟಿದ ಮೇಲೆ ಗುಡ್ಡದ ಗಾಳಿ ಫ್ಯಾನುಗಳು ಕಂಡವು. "ನೋಡ್ರಿ ವೈನಿ, ನಿಮ್ಮ ಗಾಳಿಗೆ ಸರ್ಕಾರದಾವ್ರು ಫ್ಯಾನ ಕೂಡ್ಸ್ಯಾರ," ಎಂದ ಮೈದುನ. ನೆಗೆಣ್ಣಿ ನಕ್ಕಳು.

ಥೇಟರಿನ ತುಂಬ ಮಕ್ಕಳಿದ್ದರು. ಕೂಸುಗಳು ತಾಯಂದಿರ ಹೆಗಲ ಮೇಲೆ ನಿದ್ದೆ ಹೋಗಿದ್ದವು. ದೆವ್ವದ ಸಿನಿಮಾಕ್ಕೆ ಕೂಸು ಕರೆದುಕೊಂಡು ಬರುವ ಕಾಲ ಬಂದಿದೆ. ಪರದೆಯ ಮೇಲೆ ವಾಡೆ ಹೋಗಿ ರೆಸಾರ್ಟ್ ಆಗಿತ್ತು, ಬಾವಿ ಈಜುಕೊಳವಾಗಿತ್ತು. ಆಕೆಯ ಹೆಗಲಿಗೆ ಪರ್ಸು, ಕಣ್ಣಿಗೆ ಕಪ್ಪು ಕನ್ನಡಕ, ಹಿಂದುಮುಂದಾದ ಪಾದಗಳಿಗೆ ಎತ್ತರ ಹಿಮ್ಮಡಿಯ ಚಪ್ಪಲಿ. ಆಕೆಯ ತಟ್ಟೆ ತೆಗೆದಿಟ್ಟಿದ್ದ ಅತ್ತೆಯೂ ಈಗ ದೆವ್ವವಾಗಿ ಬಂದು, ಇಬ್ಬರೂ ಗೆಳತಿಯರಾಗಿ ಸೆಲ್ಫಿ ತೆಗೆದುಕೊಂಡರು. "ನನ್ನ ತಟ್ಟೆ ಎಲ್ಲಿ?" ಎಂದು ಆಕೆ ಬಾಯಿ ತೆರೆಯುವ ಮೊದಲೇ ಇಡೀ ಥೇಟರು ಕೂಡಿ ಕೂಗಿತು.

ಮಧ್ಯಂತರದಲ್ಲಿ ಎಂದಿನಂತೆ ಗಿರಮಿಟ್ಟು, ಮಿರ್ಚಿ ಭಜಿ ಬಂದವು. ನಾನು ಬೇಡವೆಂದೆ.

"ತಿನ್ರಿ ವೈನಿ. ನಿಮಗ ದೆವ್ವ ಬರದಿದ್ರ ರೊಕ್ಕ ಕೊಟ್ಟ ಬಂದದ್ದು ದಂಡ."

ಬೇಡ ಎಂದರೆ ಯಾಕೆ ಎಂದು ಹೇಳಬೇಕು. ಹೇಳಿದರೆ ನಗುತ್ತಾರೆ. ಎರಡು ತಿಂದೆ. ಸಿನಿಮಾ ಮುಗಿಯಲು ಅರ್ಧ ತಾಸು ಇದ್ದಾಗ ಬೆವರು ಒಡೆಯಿತು. ಸೆರಗು ಕಚ್ಚಿದೆ. ಕುರ್ಚಿಯ ಹಿಡಿಕೆ ಹಿಚುಕಿದೆ. ಈ ಸಲದ್ದು ಬೇರೆಯೇ ಇತ್ತು, ಏರಿತು, ಇಳಿಯಲೇ ಇಲ್ಲ. ಚೀರಿಬಿಟ್ಟೆ.

ಅದೇ ಗಳಿಗೆಯಲ್ಲಿ ಪರದೆಯ ಮೇಲೆ ಆಕೆ ಈಜುಕೊಳದಿಂದ ಏಳುತ್ತಿದ್ದಳು. ಥೇಟರು ಸಿಳ್ಳೆ ಹೊಡೆಯಿತು. ಮುಂದಿನಿಂದ ಯಾರೋ "ಒನ್ಸ್ ಮೋರ್, ಅಕ್ಕಾ!" ಎಂದು ಕೂಗಿದರು. ನನ್ನವರು ಹಿಡಿಕೆ ಬಡಿದು ನಕ್ಕರು. ಮೈದುನ ಮೊಬೈಲಿನ ಬೆಳಕು ನನ್ನ ಮುಖಕ್ಕೆ ಹಿಡಿದ. ಮಗಳು ನನ್ನ ಕೈ ಮುಟ್ಟಿ ಎದ್ದು ನಿಂತಳು.

"ಪಪ್ಪಾ, ನಗಬ್ಯಾಡ್ರಿ. ಮಮ್ಮೀ ಮೈ ತಣ್ಣಗ ಆಗೇತಿ."

"ಏ, ಕೂಡ ಕೆಳಗ. ಹಿಂದಿನಾವ್ರಿಗೆ ಕಾಣಂಗಿಲ್ಲ."

ಅವಳು ಕೂಡಲಿಲ್ಲ. ನನ್ನ ಕಂಕುಳಲ್ಲಿ ಕೈ ಹಾಕಿ ಎಬ್ಬಿಸಿ, ಕತ್ತಲಲ್ಲಿ ಮಂದಿಯ ಮೊಣಕಾಲು ದಾಟಿಸಿ, ಹೊರಗಿನ ಬಿಸಿಲಿಗೆ ತಂದಳು. ಆಟೋದವನು ನನ್ನ ಮುಖ ನೋಡಿ, ಎಲ್ಲಿಗೆ ಎಂದು ಕೂಡ ಕೇಳದೆ ದವಾಖಾನೆಗೆ ಬಿಟ್ಟ.

ಡಾಕ್ಟರು ಹೆಂಗಸು. ಪಕ್ಕೆಯ ಕೆಳಗೆ ಕೈ ಒತ್ತಿ ಉಸಿರು ಎಳೆದುಕೊಳ್ಳಲು ಹೇಳಿದರು, ಎಳೆಯಲಾಗಲಿಲ್ಲ. ಸ್ಕ್ಯಾನಿಂಗ್ ಮಾಡಿದರು.

"ಪಿತ್ತಕೋಶದಾಗ ಹರಳ ಅದಾವ್ರಿ. ಒಂದಲ್ಲ, ಭಾಳ ಅದಾವು. ಬಾತೈತಿ, ಕೀವು ಆಗೋ ಹಂತಕ್ಕ ಬಂದೈತಿ. ಎಷ್ಟ ದಿನದಿಂದ ಈ ನೋವು?"

"ಹದಿನೆಂಟು ವರ್ಷ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. "ಕರಿದದ್ದು, ಜಿಡ್ಡಿಂದು ತಿಂದ ಮ್ಯಾಲೆ ಬರ್ತಿತ್ತೇನ್ರಿ? ಒಂದ ಸ್ಕ್ಯಾನಿಂಗ್ ಮಾಡಿದ್ರ ಅವಾಗ್ಲೇ ಗೊತ್ತಾಗ್ತಿತ್ತಲ್ರಿ."

ಮಧ್ಯಂತರದ ಮಿರ್ಚಿ. ಮೊದಲ ಸಲ ಐದು ತಿಂದಿದ್ದೆ, ಕಾಗದಕ್ಕೆ ಎಣ್ಣೆ ಇಳಿದದ್ದು ಕೂಡ ಕಣ್ಣ ಮುಂದೆ ಬಂತು. ಬಾವಿಯಿಂದ ಯಾರೂ ಎದ್ದು ಬಂದಿರಲಿಲ್ಲ. ಒಬ್ಬ ಸೊಸೆಯ ಹೊಟ್ಟೆಯಲ್ಲಿ ಕಲ್ಲು ಬೆಳೆಯುತ್ತಿತ್ತು. ಊರಿಗೆಲ್ಲ ಅದು ಸಿನಿಮಾ ಆಗಿತ್ತು.

ನನ್ನವರೂ ಮೈದುನನೂ ಸಿನಿಮಾ ಮುಗಿಸಿಕೊಂಡು ಬಂದರು. ಹೌದು, ಮುಗಿಸಿಕೊಂಡು. ಮೈದುನನ ಕೈಯಲ್ಲಿ ಇನ್ನೂ ಪಾಪ್‌ಕಾರ್ನ್ ಪೊಟ್ಟಣ ಇತ್ತು. ಡಾಕ್ಟರ ಮಾತು ಕೇಳಿ ನನ್ನವರ ಮುಖ ಇಳಿಯಿತು. ನನ್ನ ಹಾಸಿಗೆಯ ಹತ್ತಿರ ಬಂದು, "ಮೊದಲಾ ಹೇಳಬಾರ್ದಿತ್ತೇನ?" ಎಂದರು.

ಹತ್ತರ ತನಕ ಎಣಿಸುವುದನ್ನು ನಾನು ಬಿಟ್ಟದ್ದು ಅಲ್ಲಿ. "ಹೇಳಿದ್ನಿ," ಎಂದೆ.

ಗದಗಿನಲ್ಲಿ ಆಪರೇಶನ್ ಆಯಿತು. ಹೊಟ್ಟೆಗೆ ನಾಲ್ಕು ಸಣ್ಣ ತೂತು ಕೊರೆದು ಪಿತ್ತಕೋಶವನ್ನೇ ತೆಗೆದರು. ಮನೆಗೆ ಬಂದ ಮೇಲೆ ದಿನಾ ಮಧ್ಯಾಹ್ನ ಮಾತಾಡಿಸಲು ಬೀಗರು, ಓಣಿಯವರು ಬರತೊಡಗಿದರು. ಮೊದಲ ದಿನ ನನ್ನವರು ನಡೆದದ್ದನ್ನು ಮೆಲ್ಲಗೆ ಹೇಳಿದರು. ಎರಡನೆಯ ದಿನ ಸಿಳ್ಳೆಯ ಮಾತು ಸೇರಿತು. ಮೂರನೆಯ ದಿನ ದನಿ ಏರಿತು, ಕೈ ಆಡಿತು: "ಇಕಿ ಒದರಿದ್ಲು ನೋಡ್ರಿ, ಥೇಟರಿನ ಮಂದಿ ಎದ್ದ ನಿಂತು ಒನ್ಸ್ ಮೋರ್ ಅಂದ್ರು!" ಬಂದವರು ಚಹಾ ಚೆಲ್ಲುವಂತೆ ನಕ್ಕರು. ನನ್ನ ಹೊಲಿಗೆ ಇನ್ನೂ ಹಸಿ ಇತ್ತು. ಅಷ್ಟರಲ್ಲೇ ಐದನೆಯ ಭಾಗ ತಯಾರಾಗಿತ್ತು.

"ನಿಲ್ಲಸ್ರಿ," ಎಂದೆ.

ಜೋರಾಗಿ ಅಂದೆ. ಹೊಲಿಗೆ ಎಳೆಯಿತು, ಆದರೂ ಅಂದೆ. "ನಾಕ ಕಡೆ ಕೊರದಾರ್ರಿ ನನ್ನ ಹೊಟ್ಟಿ. ಈ ನಾಕರಾಗ ನಗೂದು ಯಾವುದು, ಬೆರಳಿಟ್ಟ ತೋರ್ಸ್ರಿ. ಹದಿನೆಂಟು ವರ್ಷ ಹೇಳೇನಿ ನಿಮಗ. ಕೇಳಾಕ ಬಂದಾವ್ರಿಗೆ ಅದನ್ನೂ ಹೇಳ್ರಿ."

ಮಂಚದ ಮೇಲಿದ್ದ ಅತ್ತೆ ಮೆಲ್ಲಗೆ, "ಇಕಿಗೆ ಈಗ ಖರೇನ ಮೈಮ್ಯಾಲೆ ಬಂದೈತಿ ನೋಡು," ಎಂದರು.

"ಹೌದ್ರಿ ಅತ್ತೀ. ಬಂದೇನಿ. ನಾನಾ ಬಂದೇನಿ."

ಬಂದವರು ಕಪ್ಪು ಕೆಳಗಿಟ್ಟು, ಬಿಸಿಲು ಭಾಳ ಐತಿ ಎಂದುಕೊಳ್ಳುತ್ತಾ ಹೊರಟುಹೋದರು. ನನ್ನವರು ಅಂಗಡಿಗೆ ಹೋದರು. ನೀರು ಕುಡಿಯಲು ಅಡುಗೆಮನೆಗೆ ಹೋದಾಗ ನೆಗೆಣ್ಣಿ ಒಲೆಯ ಕಟ್ಟೆಗೆ ಬೆನ್ನು ಕೊಟ್ಟು ನಿಂತಿದ್ದಳು. ನಾನು ಬಂದದ್ದು ನೋಡಿ ಬಾಗಿಲು ಮುಂದಕ್ಕೆ ಎಳೆದಳು.

"ಅಕ್ಕಾ, ನಿಮಗೊಂದ ಮಾತ ಹೇಳಬೇಕಿತ್ತು."

ನನ್ನ ಕೈ ಹಿಡಿದು ತನ್ನ ಎಡಗಡೆ, ಕಂಕುಳಿಗೆ ಹತ್ತಿರ, ಕುಪ್ಪಸದ ಮೇಲೆ ಇಟ್ಟುಕೊಂಡಳು. ಬೆರಳಿಗೆ ಒಂದು ಗಂಟು ತಾಕಿತು. ಹುಣಸೆಬೀಜದಷ್ಟು, ಗಟ್ಟಿ. ಒತ್ತಿದರೂ ಜರುಗಲಿಲ್ಲ.

"ನೋಯತೈತೇನು?"

"ಇಲ್ಲಕ್ಕಾ. ಏಳ ತಿಂಗಳಾತು."

"ಏಳ ತಿಂಗಳಾ! ಯಾರಿಗೂ ಹೇಳಿಲ್ಲಾ? ಅವನಿಗೆ?"

"ಅವ್ರಿಗೆ ಹೇಳಿದ್ರ," ಎಂದು ಅವಳು ನಕ್ಕಳು. ಅದೇ ಜೋರು ನಗು, ಇಷ್ಟು ವರ್ಷ ಎಲ್ಲರಿಗಿಂತ ಮೊದಲು ನಗುತ್ತಿದ್ದ ಆ ನಗು. ಅರ್ಧಕ್ಕೆ ನಿಂತಿತು. "ನಾಳೆ ಮದುವಿ ಮನ್ಯಾಗ ನಂದೂ ಮಾಡಿ ತೋರಸ್ತಾರಕ್ಕಾ. ಅದಕ್ಕಾ ನಾ ಮೊದಲಾ ನಗತಿದ್ದೆ. ನಗೋ ಆಕಿನ್ನ ಯಾರೂ ನೋಡಂಗಿಲ್ಲ."

ಮೊದಲ ಭಾಗ ನೋಡಿದ ದಿನ ಥೇಟರಿನಲ್ಲಿ ಆದ ಹೆದರಿಕೆ ಏನೂ ಅಲ್ಲ. ಖರೇ ಹೆದರಿಕೆ ನನಗೆ ಆದದ್ದು ಆ ಅಡುಗೆಮನೆಯಲ್ಲಿ, ಹಗಲು ಮೂರು ಗಂಟೆಗೆ, ಬೆರಳ ತುದಿಯಲ್ಲಿ.

ಮರುದಿನ ಮುಂಜಾನೆ ಇಬ್ಬರೂ ಸೀರೆ ಬದಲಿಸಿ, ಹೊರಡುವ ತಯಾರಿಯಲ್ಲಿ ಹಾಲಿಗೆ ಬಂದೆವು. ಮೈದುನ ಅಂಗಡಿಗೆ ಹೊರಟಿದ್ದವನು ಕಾರಿನ ಕೀಲಿ ತಿರುಗಿಸುತ್ತಾ ನಿಂತ.

"ಏನ್ರಿ ವೈನಿ, ಜೋಡಿ ದೆವ್ವ ಎಲ್ಲಿಗೆ ಸವಾರಿ?"

"ಗದಗಿಗೆ, ದವಾಖಾನಿಗೆ. ಕಾರಿನಾಗ ಹೋಗೂದು, ನೀನಾ ಹೊಡಿಯೂದು," ಎಂದೆ. "ಅದಕ್ಕಿಂತ ಮೊದಲ ಇಲ್ಲಿ ಕೂಡು. ಆಕಿ ಏನೋ ಹೇಳ್ತಾಳ. ಮುಗಿಯೂಮಟ ಬಾಯಿ ತಗೀಬ್ಯಾಡ."

ಅವನು ನನ್ನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ನಗು ಎಲ್ಲಿಂದ ಶುರುವಾಗುತ್ತದೆ ಎಂದು ಹುಡುಕುತ್ತಿತ್ತು ಅವನ ಕಣ್ಣು. ಎಲ್ಲೂ ಸಿಗಲಿಲ್ಲ. ಮೆಲ್ಲಗೆ ಕುರ್ಚಿಯ ತುದಿಗೆ ಕೂತ. ನಾನು ಟಿವಿ ಬಂದ್ ಮಾಡಿದೆ. ನೆಗೆಣ್ಣಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ನೆಲ ನೋಡುತ್ತಾ, "ಏಳ ತಿಂಗಳ ಹಿಂದ, ಒಂದಿನ ಮೈ ತೊಳ್ಕೊಳ್ಳುವಾಗ," ಎಂದು ಶುರುಮಾಡಿದಳು.